ಕೆರೆ ತುಂಬಿತು, ಮೀನು ಬಂತು: ಪರವಾನಿಗೆ ಯಾರ ಕೈಗೆ?

ಗುಡೇಕೋಟೆಯ ಹೆಸರು ಕೇಳಿದವರಿಗೆ ನೆನಪಾಗುವುದು ಪಾಳೆಯಗಾರರ ಕೋಟೆ, ಬಂಡೆಗಳ ರಾಶಿ ಮತ್ತು ಕರಡಿ. 2013ರಲ್ಲಿ ಇಲ್ಲಿನ ಕಾಡನ್ನು ಕರಡಿಧಾಮವೆಂದು ಘೋಷಿಸಲಾಯಿತು. ಕಾದ ಕಲ್ಲಿನ ಈ ಸೀಮೆಯಲ್ಲಿ ನಿಂತು ಮೀನಿನ ಕುರಿತು ಬರೆಯಲು ಹೊರಟವನನ್ನು ಕಂಡು ಓದುಗರು ನಕ್ಕರೆ ಆಶ್ಚರ್ಯವಿಲ್ಲ. ಕೂಡ್ಲಿಗಿಯ ನನ್ನ ಮಿತ್ರರೊಬ್ಬರೂ ನಕ್ಕರು. "ಇಲ್ಲಿ ಕುಡಿಯುವ ನೀರಿಗೇ ಗತಿಯಿಲ್ಲ, ನಿನಗೆ ಮೀನಿನ ಚಿಂತೆಯೇ?" ಎಂದರು. ಆದರೆ ಅದೇ ದಿನ ಸಂಜೆ ಗುಡೇಕೋಟೆಯ ದಾರಿಯಲ್ಲಿ ತುಂಬಿದ ಕೆರೆಯೊಂದರ ಏರಿಯ ಮೇಲೆ ನಾವಿಬ್ಬರೂ ನಿಂತಿದ್ದಾಗ ಅವರು ನಗಲಿಲ್ಲ. ನೀರಿನ ಅಂಚಿನಲ್ಲಿ ಬೆಳ್ಳಕ್ಕಿಗಳು ಸಾಲುಗಟ್ಟಿದ್ದವು. ಇಬ್ಬರು ಹರೆಯದ ಹುಡುಗರು ಬೀಸುಬಲೆ ಎಸೆಯುತ್ತಿದ್ದರು. ದಡದಲ್ಲಿ ಕುಳಿತಿದ್ದ ಹಿರಿಯರೊಬ್ಬರು, "ಈ ವರ್ಷ ಹಿಡಿಯಲಿ ಬಿಡಿ, ಹರಾಜಾದ ಮೇಲೆ ಇವರನ್ನು ಏರಿಯ ಮೇಲೂ ಹತ್ತಗೊಡುವುದಿಲ್ಲ" ಎಂದರು. ಈ ಲೇಖನ ಆ ಒಂದು ಮಾತಿನಿಂದ ಹುಟ್ಟಿದ್ದು.

ಬಯಲುಸೀಮೆಯ ಕೆರೆಗಳ ಪಾಡು ನಮಗೆಲ್ಲ ತಿಳಿದದ್ದೇ. ಒಂದು ವರ್ಷ ಕೋಡಿ ಬಿದ್ದರೆ ಮೂರು ವರ್ಷ ಕ್ರಿಕೆಟ್ ಮೈದಾನ. 2022ರಲ್ಲಿ ಧಾರಾಳವಾಗಿ ಮಳೆಯಾಯಿತು. ಮರುವರ್ಷವೇ, ಅಂದರೆ 2023ರಲ್ಲಿ, ರಾಜ್ಯದ ಬಹುತೇಕ ತಾಲ್ಲೂಕುಗಳನ್ನು ಬರಪೀಡಿತವೆಂದು ಸರಕಾರ ಘೋಷಿಸಿತು. ಕೆರೆ ಒಣಗಿದಾಗ ಮೀನು ಸಾಯುತ್ತದೆ, ಮೀನಿನೊಂದಿಗೆ ಬಲೆ ಹಿಡಿದವನ ಕಸುಬೂ ಸಾಯುತ್ತದೆ. ಗಂಗಾಮತಸ್ಥರು, ಬೆಸ್ತರು, ಅಂಬಿಗರು ಮೊದಲಾದ ಸಮುದಾಯಗಳ ಎಷ್ಟೋ ಕುಟುಂಬಗಳು ಬಲೆಯನ್ನು ಅಟ್ಟಕ್ಕೇರಿಸಿ ಗುಳೆ ಹೋಗಿವೆ. ಇದೀಗ ತುಂಗಭದ್ರೆಯ ನೀರನ್ನು ಕೊಳವೆಯ ಮೂಲಕ ತಂದು ಕೂಡ್ಲಿಗಿ ತಾಲ್ಲೂಕಿನ 74 ಕೆರೆಗಳನ್ನು ತುಂಬಿಸುವ ಯೋಜನೆ ರೂಪುಗೊಂಡಿದೆ. ಈ ಯೋಜನೆಯ ಬಗ್ಗೆ ನಡೆದ ಚರ್ಚೆಯಲ್ಲೆಲ್ಲಾ ಕೇಳಿ ಬಂದುದು ಅಂತರ್ಜಲ, ಬೋರ್‌ವೆಲ್, ಶೇಂಗಾ ಮತ್ತು ಮೆಕ್ಕೆಜೋಳ. ಅವು ಮುಖ್ಯವೇ. ಆದರೆ ನೀರು ನಿಂತಲ್ಲಿ ಮೀನಿರುತ್ತದೆ, ಮೀನಿದ್ದಲ್ಲಿ ಹಕ್ಕಿನ ಪ್ರಶ್ನೆಯಿರುತ್ತದೆ. ಅದನ್ನು ಯಾರೂ ಎತ್ತಲಿಲ್ಲ. ಬತ್ತಿದ ಕೆರೆಯ ಮೀನಿನ ಹಕ್ಕಿಗಾಗಿ ಯಾರೂ ಜಗಳವಾಡುವುದಿಲ್ಲ. ಮೀನು ಮರಳಿ ಬಂದಾಗಲೇ ಜಗಳ ಶುರುವಾಗುತ್ತದೆ.

ಈಗಿರುವ ಪದ್ಧತಿಯನ್ನು ತುಸು ನೋಡೋಣ. ನಮ್ಮ ರಾಜ್ಯದಲ್ಲಿ ಕೆಲವು ಕೆರೆಗಳ ಮೀನುಗಾರಿಕೆ ಹಕ್ಕನ್ನು ಮೀನುಗಾರಿಕೆ ಇಲಾಖೆ ವಿಲೇವಾರಿ ಮಾಡುತ್ತದೆ, ಕೆಲವನ್ನು ಗ್ರಾಮ ಪಂಚಾಯಿತಿಗಳು ಹರಾಜು ಹಾಕುತ್ತವೆ. ದೊಡ್ಡ ಜಲಾಶಯಗಳಲ್ಲಿ ಒಬ್ಬೊಬ್ಬ ಮೀನುಗಾರನಿಗೆ ಪರವಾನಿಗೆ ಕೊಡುವ ಕ್ರಮ ಬೆಳೆದು ಬಂದಿದೆ. ಇಲಾಖೆಯ ಕೆರೆಗಳ ಗುತ್ತಿಗೆ ಸಾಮಾನ್ಯವಾಗಿ ಐದು ವರ್ಷದ್ದು. ಮೀನುಗಾರರ ಸಹಕಾರ ಸಂಘಗಳಿಗೆ ಆದ್ಯತೆಯಿದೆ ಎಂಬುದು ಕಾಗದದ ಮೇಲಿನ ಮಾತು. ಎಷ್ಟೋ ಕಡೆ ಹಣ ಹೂಡುವವನು ಪಟ್ಟಣದ ವ್ಯಾಪಾರಿ, ಸಂಘ ಕೇವಲ ಹೆಸರಿಗೆ. ಸಂಘದ ಮೊಹರಿನ ಹಿಂದೆ ಬೇರೆಯವನ ಜೇಬು ಕೂತಿರುತ್ತದೆ ಎಂಬುದನ್ನು ಈ ಭಾಗದ ಯಾವ ಬಲೆಗಾರನನ್ನು ಕೇಳಿದರೂ ಹೇಳುತ್ತಾನೆ. ಯಾರ ಹೆಸರನ್ನೂ ಹಿಡಿದು ದೂಷಿಸುವುದು ನನ್ನ ಉದ್ದೇಶವಲ್ಲ. ಇಲ್ಲಿ ದೋಷವಿರುವುದು ವ್ಯಕ್ತಿಗಿಂತ ಹೆಚ್ಚಾಗಿ ಪದ್ಧತಿಯಲ್ಲಿ.

ಪದ್ಧತಿಯ ದೋಷವನ್ನು ಅರಿಯಬೇಕಿದ್ದರೆ ಗುತ್ತಿಗೆದಾರನ ಜಾಗದಲ್ಲಿ ನಾವೇ ನಿಂತು ಯೋಚಿಸಬೇಕು. ಹರಾಜಿನಲ್ಲಿ ಅತಿ ಹೆಚ್ಚು ಕೂಗಿದವನಿಗೆ ಕೆರೆ. ಕೂಗುವಾಗಲೇ ಆತ ಮಳೆಯ ಮೇಲೆ ಪಣ ಕಟ್ಟಿದ್ದಾನೆ. ಮೊದಲ ವರ್ಷ ಮರಿ ಬಿಡುತ್ತಾನೆ. ಕಾಟ್ಲಾ, ರೋಹು, ಮೃಗಾಲ್ ಎಂಬ ನಮ್ಮ ಪರಿಚಿತ ಗೆಂಡೆ ಜಾತಿಗಳು ನಿಂತ ನೀರಿನಲ್ಲಿ ಸಾಮಾನ್ಯವಾಗಿ ಸಂತಾನವೃದ್ಧಿ ಮಾಡುವುದಿಲ್ಲ. ಅವುಗಳಿಗೆ ಹರಿಯುವ ನೆರೆ ನೀರು ಬೇಕು. ಆದ್ದರಿಂದ ಕೆರೆಯಲ್ಲಿ ಮೀನಿನ ಸಂಪತ್ತು ಮರಳುವುದೆಂದರೆ ಬಹುಮಟ್ಟಿಗೆ ಯಾರೋ ಒಬ್ಬರು ಮರಿ ಬಿಟ್ಟು ಕಾದಿದ್ದಾರೆಂದೇ ಅರ್ಥ. ಒಳ್ಳೆಯ ಕೆರೆಯಲ್ಲಿ ಕಾಟ್ಲಾ ಒಂದು ವರ್ಷದಲ್ಲಿ ಕಿಲೋ ತೂಗುತ್ತದೆ, ಎರಡನೆಯ ವರ್ಷ ಅದರ ಬೆಲೆ ಇನ್ನೂ ಏರುತ್ತದೆ. ಕಾಯುವವನಿಗೆ ಲಾಭವಿದೆ. ಆದರೆ ಕಾಯುವವನು ನಾಳೆ ತಾನೇ ಇಲ್ಲಿರುತ್ತೇನೆಂಬ ಭರವಸೆಯುಳ್ಳವನಾಗಿರಬೇಕು. ಗುತ್ತಿಗೆಯ ಕೊನೆಯ ವರ್ಷದಲ್ಲಿ ಗುತ್ತಿಗೆದಾರನಿಗೆ ಆ ಭರವಸೆ ಎಲ್ಲಿಂದ ಬರಬೇಕು? ಆತ ಮರಿ ಬಿಡುವುದಿಲ್ಲ. ಬಲೆಯ ಕಣ್ಣು ಕಿರಿದಾಗುತ್ತದೆ. ಬೇಸಗೆಯಲ್ಲಿ ನೀರು ತಗ್ಗಿದಾಗ ಎಳೆಬಲೆ ಹಾಕಿ ತಳ ಗುಡಿಸುತ್ತಾನೆ. ಸಾಧ್ಯವಾದರೆ ತೂಬನ್ನು ತೆಗೆಸಿ ಉಳಿದ ನೀರನ್ನೂ ಬಸಿಯುತ್ತಾನೆ. ಮುಂದೆ ಬರುವವನಿಗೆ ಕೆಸರು ಬಿಟ್ಟರೆ ಇವನಿಗೇನು ನಷ್ಟ? ದನಕರುಗಳಿಗೂ ಹಕ್ಕಿಗಳಿಗೂ ಆಗುವ ನಷ್ಟ ಯಾವ ಟೆಂಡರಿನಲ್ಲೂ ದಾಖಲಾಗುವುದಿಲ್ಲ.

ಮದ್ರಸದಲ್ಲಿ ಫಿಕ್ಹ್ ಓದುವಾಗ ವ್ಯಾಪಾರದ ಅಧ್ಯಾಯದಲ್ಲಿ ನಮಗೊಂದು ಉದಾಹರಣೆ ಕೊಡಲಾಗುತ್ತಿತ್ತು. ನೀರಿನಲ್ಲಿರುವ ಮೀನನ್ನೂ ಆಕಾಶದಲ್ಲಿರುವ ಹಕ್ಕಿಯನ್ನೂ ಮಾರಬಾರದು. ಕಾರಣ ಗರರ್, ಅಂದರೆ ಅನಿಶ್ಚಿತತೆ. ಕೈಗೆ ಸಿಗದ, ಎಣಿಕೆಗೆ ಸಿಗದ ವಸ್ತುವಿನ ವ್ಯಾಪಾರದಲ್ಲಿ ಒಬ್ಬನಿಗೆ ಮೋಸವಾಗಿಯೇ ತೀರುತ್ತದೆ. ಸುಲಭವಾಗಿ ಕೈಗೆ ಸಿಗುವಂತೆ ಸಣ್ಣ ಹೊಂಡದಲ್ಲಿ ಕೂಡಿಟ್ಟ ಮೀನಿನ ವಿಷಯ ಬೇರೆ ಎಂದು ಹನಫೀ ವಿದ್ವಾಂಸರು ವಿವರಿಸಿದ್ದಾರೆ. ಆಗ ಹದಿನೈದರ ಹರೆಯದ ನಮಗೆ ಅದು ಪರೀಕ್ಷೆಗೆ ಬಾಯಿಪಾಠ ಮಾಡುವ ಒಂದು ವಿಚಿತ್ರ ಉದಾಹರಣೆ ಮಾತ್ರವಾಗಿತ್ತು. ಕೆರೆಯ ಹರಾಜನ್ನು ಕಣ್ಣಾರೆ ಕಂಡಾಗ ಅದರ ಅರ್ಥ ಬಿಚ್ಚಿಕೊಂಡಿತು. ಇಲ್ಲಿ ಕೂಗುವುದು ಇನ್ನೂ ಹುಟ್ಟದ ಮೀನಿಗೆ, ಇನ್ನೂ ಸುರಿಯದ ಮಳೆಗೆ. ಮಳೆ ಕೈಕೊಟ್ಟರೆ ಗುತ್ತಿಗೆದಾರ ಮುಳುಗುತ್ತಾನೆ, ಮಳೆ ಕೈಹಿಡಿದರೆ ಕೆರೆಯ ಮೀನು ಮುಳುಗುತ್ತದೆ. ಕೆರೆ ಗುತ್ತಿಗೆ ಸಿಂಧುವೋ ಅಸಿಂಧುವೋ ಎಂಬ ಫತ್ವಾ ಕೊಡಲು ನಾನಿಲ್ಲಿ ಹೊರಟಿಲ್ಲ, ಅದಕ್ಕೆ ಅರ್ಹನೂ ಅಲ್ಲ. ಹರಾಜಿನಲ್ಲಿ ಅಡಗಿರುವ ಜೂಜಿನ ಅಂಶವನ್ನು ನಮ್ಮ ಹಿರಿಯರು ಸಾವಿರ ವರ್ಷಗಳ ಹಿಂದೆಯೇ ಗುರುತಿಸಿದ್ದರೆಂಬುದನ್ನಷ್ಟೇ ಹೇಳುತ್ತಿದ್ದೇನೆ.

ಹಾಗೆಂದು ಜಲಾಶಯದ ಪರವಾನಿಗೆ ಪದ್ಧತಿ ನಿರ್ದೋಷಿಯಲ್ಲ. ಕೂಡ್ಲಿಗಿಯಿಂದ ಸುಮಾರು ಒಂದು ತಾಸಿನ ದಾರಿಯಲ್ಲಿ ಹೊಸಪೇಟೆಯ ತುಂಗಭದ್ರಾ ಜಲಾಶಯವಿದೆ. ಅದರ ಹಿನ್ನೀರು ಹಗರಿಬೊಮ್ಮನಹಳ್ಳಿ ಮತ್ತು ಹಡಗಲಿ ತಾಲ್ಲೂಕುಗಳವರೆಗೂ ಚಾಚಿದೆ. ಸುಮಾರು 378 ಚದರ ಕಿಲೋಮೀಟರ್ ವಿಸ್ತಾರದ ಈ ನೀರಿನ ಮೇಲೆ ಹರಿಗೋಲು ಹಾಕಿ ಬದುಕುವವರ ಬವಣೆ ನಮ್ಮ ಪತ್ರಿಕೆಗಳಲ್ಲಿ ಬರುವುದು ಅಪರೂಪ. ಅಣೆಕಟ್ಟಿನ ಸುದ್ದಿಯೆಂದರೆ ಕಾಲುವೆ, ಭತ್ತ ಮತ್ತು ಮೂರು ರಾಜ್ಯಗಳ ಪಾಲು ಎಂದೇ ನಾವು ತಿಳಿದಿದ್ದೇವೆ. 1953ರಲ್ಲಿ ನೀರು ನಿಲ್ಲಿಸಿದಾಗ 133 ಟಿಎಂಸಿ ಇದ್ದ ಸಾಮರ್ಥ್ಯ ಹೂಳು ತುಂಬಿ ಈಗ 105 ಟಿಎಂಸಿಯ ಆಸುಪಾಸಿಗೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಕ್ರಸ್ಟ್ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿ ಹೋದಾಗ ಇಡೀ ನಾಡು ಉಸಿರು ಬಿಗಿ ಹಿಡಿಯಿತು. ತಾತ್ಕಾಲಿಕ ಗೇಟು ಕೂರಿಸಿ ನೀರು ಉಳಿಸಿದ ಕನ್ನಯ್ಯ ನಾಯ್ಡು ಅವರ ತಂಡವನ್ನು ಎಲ್ಲರೂ ಕೊಂಡಾಡಿದರು, ಅದು ಯೋಗ್ಯವೇ. ಆದರೆ ಆ ವಾರ ಹರಿದು ಹೋದ ನೀರಿನ ಲೆಕ್ಕವನ್ನು ಭತ್ತದ ಎಕರೆಗಳಲ್ಲಿ ಮಾಡಿದವರು ಬಹಳ ಮಂದಿ, ಹರಿಗೋಲಿನವನ ಮನೆಯ ಲೆಕ್ಕ ಮಾಡಿದವರು ಯಾರು?

ಈ ಜಲಾಶಯದಲ್ಲಿ ಅಲಿವಿ ಎಂಬ ಬಲೆಯೊಂದಿದೆ. ದಡದಿಂದ ಎಳೆಯುವ ದೈತ್ಯ ಬಲೆ, ಕಣ್ಣೋ ಸೊಳ್ಳೆ ಪರದೆಯಷ್ಟು ಕಿರಿದು. ಸಣ್ಣ ಜಾತಿಯ ಮೀನುಗಳ ಜೊತೆಗೆ ದೊಡ್ಡ ಜಾತಿಯ ಮರಿಗಳೂ ಅದರಲ್ಲಿ ರಾಶಿಯಾಗಿ ಬೀಳುತ್ತವೆ. ದಡದ ಮರಳಿನ ಮೇಲೆ ಒಣಗಿಸಿ ಮೂಟೆ ಕಟ್ಟುತ್ತಾರೆ. ಎರಡು ವರ್ಷ ಬಿಟ್ಟಿದ್ದರೆ ಮೂರು ಕಿಲೋ ತೂಗಬೇಕಿದ್ದ ಮೀನು ಬೆರಳುದ್ದದಲ್ಲೇ ಒಣಮೀನಾಗಿ ಬಿಡಿಗಾಸಿಗೆ ಮಾರಾಟವಾಗುತ್ತದೆ. ಅಲಿವಿ ಎಳೆಯಲು ಹತ್ತಾರು ಕೂಲಿಗಳು ಬೇಕು, ಬಲೆಯ ಒಡೆಯ ಒಬ್ಬನೇ. ಅಂದರೆ ಪರವಾನಿಗೆಯ ಚೀಟಿ ಎಲ್ಲರ ಕೈಯಲ್ಲಿದ್ದರೂ ಅದರ ಹಿಂದಿರುವ ಬಂಡವಾಳ ಒಂದೇ ಅಲ್ಲ. ಹರಿಗೋಲು ಮತ್ತು ಎರಡು ಬಲೆಯವನೂ ಪರವಾನಿಗೆದಾರ, ಅಲಿವಿಯ ಒಡೆಯನೂ ಪರವಾನಿಗೆದಾರ ಎಂದರೆ ಅದನ್ನು ಸಮಾನತೆ ಎನ್ನಲಾದೀತೇ?

ಇನ್ನು ಸಿಡಿಮದ್ದು. ನೀರಿನಲ್ಲಿ ಸ್ಫೋಟಕ ಎಸೆದು ಅಥವಾ ವಿಷ ಬೆರೆಸಿ ಮೀನು ಹಿಡಿಯುವುದನ್ನು 1897ರ ಭಾರತೀಯ ಮೀನುಗಾರಿಕೆ ಕಾಯಿದೆಯೇ ಅಪರಾಧವೆಂದು ಸಾರಿತ್ತು. ಬಳ್ಳಾರಿ ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು. ನೂರಿಪ್ಪತ್ತೈದು ವರ್ಷಗಳು ದಾಟಿದರೂ ಅಣೆಕಟ್ಟಿನಿಂದ ಕಂಪ್ಲಿಯವರೆಗಿನ ನದಿಯಲ್ಲಿ ಸಿಡಿಮದ್ದಿನ ಸದ್ದು ಅಡಗಿಲ್ಲವೆಂಬ ದೂರಿದೆ. ಆ ಸುಮಾರು 34 ಕಿಲೋಮೀಟರ್ ಉದ್ದದ ನದಿಪಾತ್ರವನ್ನು 2015ರಲ್ಲಿ ನೀರುನಾಯಿಗಳ ಸಂರಕ್ಷಿತ ಪ್ರದೇಶವೆಂದು ಘೋಷಿಸಲಾಗಿದೆ. 1996ರ ಕರ್ನಾಟಕ ಒಳನಾಡು ಮೀನುಗಾರಿಕೆ ಅಧಿನಿಯಮವೂ ನಮ್ಮಲ್ಲಿದೆ, ಸಂರಕ್ಷಣೆ ಎಂಬ ಪದ ಅದರ ಹೆಸರಿನಲ್ಲೇ ಇದೆ. ಕಾನೂನಿನ ಕೊರತೆ ನಮಗಿಲ್ಲ. ನದಿಗೆ ವಿಷವುಣಿಸುವವರು ಕೇವಲ ಬಡ ಬಲೆಗಾರರೂ ಅಲ್ಲ. 1984ರಲ್ಲಿ ಹರಿಹರದ ಬಳಿ ಕಾರ್ಖಾನೆಯ ತ್ಯಾಜ್ಯದಿಂದ ತುಂಗಭದ್ರೆಯಲ್ಲಿ ಮೀನುಗಳು ಸತ್ತು ತೇಲಿದಾಗ ಎಸ್. ಆರ್. ಹಿರೇಮಠ್ ಮತ್ತವರ ಸಮಾಜ ಪರಿವರ್ತನ ಸಮುದಾಯ ಹೋರಾಟಕ್ಕಿಳಿಯಬೇಕಾಯಿತು. ಬಲೆಯ ಕಣ್ಣನ್ನು ಅಳೆಯಲು ಬರುವ ಅಧಿಕಾರಿಯು ಚರಂಡಿಯ ಬಾಯನ್ನೂ ಅಳೆಯಬೇಕೆಂದು ಮೀನುಗಾರ ಬಯಸಿದರೆ ತಪ್ಪೇನಿದೆ?

ಮೀನು ಮರಳಿ ಬಂದಾಗ ಪರವಾನಿಗೆ ಹಂಚುವುದು ಹೇಗೆಂಬ ಪ್ರಶ್ನೆ ನಮ್ಮದು ಮಾತ್ರವಲ್ಲ. ಜಗತ್ತಿನಲ್ಲಿ ಇದರ ಅತ್ಯಂತ ದೊಡ್ಡ ಪಾಠವಿರುವುದು ಕೆನಡಾದ ನ್ಯೂಫೌಂಡ್‌ಲ್ಯಾಂಡಿನಲ್ಲಿ. ಶತಮಾನಗಳಿಂದ ಯುರೋಪಿಗೆ ಕಾಡ್ ಮೀನು ಉಣಿಸಿದ ಆ ಸಮುದ್ರವನ್ನು ಬೃಹತ್ ಟ್ರಾಲರ್‌ಗಳು ಕೆಲವೇ ದಶಕಗಳಲ್ಲಿ ಬರಿದು ಮಾಡಿದವು. 1992ರ ಜುಲೈ 2ರಂದು ಅಲ್ಲಿನ ಸರಕಾರ ಕಾಡ್ ಹಿಡಿಯುವುದನ್ನೇ ನಿಷೇಧಿಸಿತು. ಎರಡು ವರ್ಷಕ್ಕೆಂದು ಹೇಳಿದ ನಿಷೇಧ ಅದು. ಸುಮಾರು 30,000 ಮಂದಿಯ ಉದ್ಯೋಗ ಒಂದೇ ಘೋಷಣೆಯಲ್ಲಿ ಹೋಯಿತು. ಊರುಗಳು ಖಾಲಿಯಾದವು. ಎರಡು ವರ್ಷದ ಆ ನಿಷೇಧ ಮುಗಿದದ್ದು 32 ವರ್ಷಗಳ ಬಳಿಕ, 2024ರ ಜೂನ್‌ನಲ್ಲಿ! ಈ ನಡುವೆ ದಡದ ಸಣ್ಣ ದೋಣಿಯವರಿಗೆ ಅಲ್ಪ ಪ್ರಮಾಣದಲ್ಲಿ ಹಿಡಿಯಲು ಅವಕಾಶವಿತ್ತು. ಮೀನು ತುಸು ಚೇತರಿಸಿಕೊಂಡಿತು, ಆದರೆ ವಿಜ್ಞಾನಿಗಳ ಲೆಕ್ಕದಲ್ಲಿ ಅದಿನ್ನೂ ಎಚ್ಚರಿಕೆಯ ವಲಯದಲ್ಲಿಯೇ ಇತ್ತು. ಆದರೂ 2024ರಲ್ಲಿ 18,000 ಟನ್ನಿನ ಮಿತಿ ನಿಗದಿಪಡಿಸಿ ವಾಣಿಜ್ಯ ಮೀನುಗಾರಿಕೆಯನ್ನು ತೆರೆಯಲಾಯಿತು.

ಗಮನಿಸಬೇಕಾದ ಅಂಶ ಇದರ ನಂತರದ್ದು. ಮೀನು ಮರಳಿದಾಗ ಮೊದಲ 1,15,000 ಟನ್ನು ದಡದ ಮೀನುಗಾರರಿಗೂ ಮೂಲನಿವಾಸಿಗಳಿಗೂ ಸಲ್ಲಬೇಕೆಂಬುದು ಅವರಿಗೆ ದಶಕಗಳ ಹಿಂದೆಯೇ ಕೊಟ್ಟ ವಚನವಾಗಿತ್ತು. 18,000 ಟನ್ನು ಆ ಗುರಿಯ ಆರನೇ ಒಂದು ಪಾಲೂ ಅಲ್ಲ. ಆದರೂ ಬಾಗಿಲು ತೆರೆದೊಡನೆ ಆಳ ಸಮುದ್ರದ ದೊಡ್ಡ ಹಡಗುಗಳಿಗೂ ಪಾಲು ಕೊಡಲಾಯಿತು. ಮೀನುಗಾರರ ಒಕ್ಕೂಟ ಬೀದಿಗಿಳಿಯದೆ ಇನ್ನೇನು ಮಾಡೀತು? ನಿಷೇಧದ ಕಾಲದಲ್ಲಿ ಹಸಿವನ್ನು ಹೊತ್ತವನು ಒಬ್ಬ, ಸುಗ್ಗಿಯ ಕಾಲದಲ್ಲಿ ಸಾಲಿನ ಮುಂದೆ ನಿಂತವನು ಇನ್ನೊಬ್ಬ. ಕೂಡ್ಲಿಗಿಯ ಕೆರೆಯ ಏರಿಯ ಮೇಲೆ ಆ ಹಿರಿಯರು ಹೇಳಿದ್ದು ಇದನ್ನೇ ಅಲ್ಲವೇ?

ಐಸ್‌ಲ್ಯಾಂಡಿನ ಕತೆ ಇನ್ನೊಂದು ಬಗೆಯದು. ಅಲ್ಲಿ 1984ರಲ್ಲಿ ಮೀನಿನ ಪಾಲನ್ನು ಹಡಗುಗಳಿಗೆ ಅವುಗಳ ಹಿಂದಿನ ವರ್ಷಗಳ ಹಿಡಿತದ ಆಧಾರದಲ್ಲಿ ಉಚಿತವಾಗಿ ಹಂಚಲಾಯಿತು. 1990ರ ಕಾನೂನು ಆ ಪಾಲನ್ನು ಮಾರಲೂ ಬಾಡಿಗೆಗೆ ಕೊಡಲೂ ಪೂರ್ಣ ಅವಕಾಶ ನೀಡಿತು. ಮೀನು ಉಳಿಯಿತು, ಅದನ್ನು ಒಪ್ಪಲೇಬೇಕು. ಆದರೆ ಪರವಾನಿಗೆಯೇ ಆಸ್ತಿಯಾಯಿತು. ಸಣ್ಣ ಬಂದರುಗಳ ಪಾಲು ದೊಡ್ಡ ಕಂಪೆನಿಗಳ ಕೈ ಸೇರಿತು. ಸಮುದ್ರದ ಎದುರೇ ಹುಟ್ಟಿ ಬೆಳೆದವನು ಬಲೆ ಬೀಸಬೇಕಿದ್ದರೆ ಯಾರಿಗೋ ಬಾಡಿಗೆ ಕೊಡಬೇಕಾದ ಸ್ಥಿತಿ ಬಂತು. ಇದನ್ನು ಪ್ರಶ್ನಿಸಿ ಇಬ್ಬರು ಮೀನುಗಾರರು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿಯ ಮೆಟ್ಟಿಲೇರಿದರು. 2007ರಲ್ಲಿ ಆ ಸಮಿತಿಯು ಮೀನುಗಾರರ ಪರವಾಗಿ ಅಭಿಪ್ರಾಯ ನೀಡಿ, ರಾಷ್ಟ್ರದ ಸಂಪತ್ತನ್ನು ಮೊದಲು ಬಂದವರ ಶಾಶ್ವತ ಸೊತ್ತಿನಂತೆ ಮಾಡುವ ಕ್ರಮ ತಾರತಮ್ಯವಾಗುತ್ತದೆಂದು ಹೇಳಿತು. ಮೀನನ್ನು ಉಳಿಸುವುದಷ್ಟೇ ನೀತಿಯ ಗುರಿಯಾದರೆ ಮೀನುಗಾರ ಅಳಿಯಬಹುದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷ್ಯ ಬೇಕಿಲ್ಲ.

ದೂರದ ಮಾತೇಕೆ, ನಮ್ಮ ಕರಾವಳಿಯತ್ತಲೇ ನೋಡಿ. ರಂಪಣಿ ಎಂಬ ಬಲೆಯನ್ನು ಇಡೀ ಊರು ಸೇರಿ ದಡಕ್ಕೆ ಎಳೆಯುತ್ತಿತ್ತು, ಬಂದುದನ್ನು ಪಾಲು ಮಾಡಿಕೊಳ್ಳುತ್ತಿತ್ತು. ಮೊಗವೀರರು, ಖಾರ್ವಿಗಳು, ಉತ್ತರ ಕನ್ನಡದ ದಾಲ್ದಿ ಮುಸ್ಲಿಮರು ಎಲ್ಲರೂ ಸಮುದ್ರದ ಮಕ್ಕಳೇ. 1970ರ ದಶಕದ ದ್ವಿತೀಯಾರ್ಧದಲ್ಲಿ ಪರ್ಸೀನ್ ದೋಣಿಗಳು ಬಂದವು. ದಡಕ್ಕೆ ಬರುವ ಮುನ್ನವೇ ಬೂತಾಯಿ, ಬಂಗುಡೆಯ ಹಿಂಡನ್ನು ಅವು ಬಳಸಿ ಹಿಡಿದವು. ಕೆಲವೇ ವರ್ಷಗಳಲ್ಲಿ ರಂಪಣಿ ನೆನಪಾಯಿತು. ಸಾಲ, ಸಬ್ಸಿಡಿ, ಪರವಾನಿಗೆ ಎಲ್ಲವೂ ದೊಡ್ಡ ದೋಣಿಯ ಬೆನ್ನಿಗಿದ್ದವು.

ಬೂತಾಯಿಯ ಏರಿಳಿತವಂತೂ ಒಂದು ಪಾಠಶಾಲೆಯೇ ಸರಿ. ನೆರೆಯ ಕೇರಳದಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ ಬೂತಾಯಿ ದಡ ಸೇರಿತ್ತು. 2021ರಲ್ಲಿ ಅದು ಸುಮಾರು 3,500 ಟನ್ನಿಗೆ ಕುಸಿಯಿತು. ಸಮುದ್ರದ ಹವಾಮಾನದ ಬದಲಾವಣೆಯೂ ಕಾರಣ, ಮರಿ ಮೀನಿನ ಬೇಟೆಯೂ ಕಾರಣ. ಮತ್ತೆ ಮೀನು ಮರಳಿತು. 2024ರಲ್ಲಿ ಸುಮಾರು ಒಂದೂವರೆ ಲಕ್ಷ ಟನ್ ಸಿಕ್ಕಿತು. ಮೀನು ಮರಳಿದ್ದೇ ತಡ, ಹತ್ತು ಸೆಂಟಿಮೀಟರಿಗಿಂತ ಕಿರಿದಾದ ಬೂತಾಯಿಯನ್ನು ಹಿಡಿಯಬೇಡಿ ಎಂದು ಕೊಚ್ಚಿಯ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಮತ್ತೆ ಮತ್ತೆ ಹೇಳಬೇಕಾಯಿತು. ಮರಿ ಮೀನು ತಟ್ಟೆಗೆ ಬರುವುದು ಕಡಿಮೆ. ಅದು ಫಿಶ್‌ಮೀಲ್ ಕಾರ್ಖಾನೆಗೆ ಹೋಗಿ ಪುಡಿಯಾಗಿ, ಎಣ್ಣೆಯಾಗಿ ಬದಲಾಗುತ್ತದೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ 61 ದಿನಗಳ ನಿಷೇಧವಿದೆ. 2017ರಲ್ಲಿ ಬೆಳಕು ಹಾಯಿಸಿ ಮೀನು ಹಿಡಿಯುವುದನ್ನು ಕೇಂದ್ರ ಸರಕಾರ ನಿಷೇಧಿಸಿತು. ಆದರೂ ರಾತ್ರಿ ಸಮುದ್ರದಲ್ಲಿ ದೀಪ ಉರಿಯುತ್ತಲೇ ಇದೆ ಎಂದು ನಾಡದೋಣಿಯವರು ದೂರುವುದು ನಿಂತಿಲ್ಲ.

ಪವಿತ್ರ ಕುರ್‌ಆನ್ ಪ್ರಸ್ತಾಪಿಸಿದ ಶನಿವಾರದವರ ವೃತ್ತಾಂತ ಇಲ್ಲಿ ನೆನಪಾಗದಿರದು. ಕಡಲ ತಡಿಯ ಒಂದು ಊರು. ವಾರದಲ್ಲೊಂದು ದಿನ ಮೀನು ಹಿಡಿಯಬಾರದೆಂಬ ಆಜ್ಞೆ. ಆ ದಿನವೇ ಮೀನುಗಳು ನೀರ ಮೇಲೆ ಎದ್ದು ಕಾಣುತ್ತಿದ್ದವು, ಉಳಿದ ದಿನ ಕಾಣುತ್ತಿರಲಿಲ್ಲ. ಜನರು ಒಂದು ಉಪಾಯ ಹೂಡಿದರು. ಮುನ್ನಾದಿನ ಬಲೆ ಹಾಕಿ, ಕಾಲುವೆ ತೋಡಿ ಇಡುತ್ತಿದ್ದರು, ಮರುದಿನ ಬಂದು ಮೀನು ಎತ್ತುತ್ತಿದ್ದರೆಂದು ವ್ಯಾಖ್ಯಾನಕಾರರು ವಿವರಿಸಿದ್ದಾರೆ. ನಾವು ಶನಿವಾರ ಬಲೆ ಮುಟ್ಟಿಯೇ ಇಲ್ಲ ಎಂದು ಹೇಳಲು ಅವರಿಗೆ ಅಡ್ಡಿಯಿರಲಿಲ್ಲ! ಸಾಮಾನ್ಯವಾಗಿ ನಮ್ಮ ಉಪದೇಶಗಳಲ್ಲಿ ಈ ಕತೆಯನ್ನು ಇನ್ನಾರದೋ ವಕ್ರತೆಯ ಉದಾಹರಣೆಯಾಗಿ ಹೇಳಿ ಮುಗಿಸಲಾಗುತ್ತದೆ. ಸಂಘದ ಹೆಸರಿನಲ್ಲಿ ಗುತ್ತಿಗೆ ಹಿಡಿದು ಹಿಂದಿನಿಂದ ಹಣ ಹೂಡುವ ನಮ್ಮದೇ ವ್ಯಾಪಾರಿಗೂ, ತಪಾಸಣೆಗೆ ದೊಡ್ಡ ಕಣ್ಣಿನ ಬಲೆ ತೋರಿಸಿ ರಾತ್ರಿ ಕಿರಿಗಣ್ಣಿನ ಬಲೆ ಇಳಿಸುವವನಿಗೂ ಆ ಕತೆ ಸಂಬಂಧಿಸಿದ್ದಲ್ಲವೇ?

ಹಾಗಾದರೆ ಕೂಡ್ಲಿಗಿಯ ಕೆರೆಗಳಲ್ಲಿ ಏನಾಗಬೇಕು? ಕೆರೆ ತುಂಬಿದ ವರ್ಷವೇ ಹರಾಜು ಹಾಕುವ ಆತುರವನ್ನು ಪಂಚಾಯಿತಿಗಳು ಬಿಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಆದಾಯದ ಆಸೆ ಸಹಜ. ಪಂಚಾಯಿತಿಯ ಬೊಕ್ಕಸ ತುಂಬಿದ ಕೆರೆಯಂತೇನೂ ಇರುವುದಿಲ್ಲ. ಆದರೆ ಮೊದಲ ವರ್ಷ ಮರಿ ಬಿಡುವುದಕ್ಕೂ ಬೆಳೆಯುವುದಕ್ಕೂ ಮೀಸಲಾಗಿರಲಿ. ತೀರಾ ಸಣ್ಣ ಮರಿ ಬಿಟ್ಟರೆ ಬಹುಪಾಲು ಇತರ ಮೀನುಗಳ ಹೊಟ್ಟೆ ಸೇರುತ್ತವೆ. ಬೆರಳುದ್ದಕ್ಕೆ ಬೆಳೆಸಿ ಬಿಟ್ಟರೆ ಉಳಿಯುತ್ತವೆ. ಅದಕ್ಕಾಗಿ ಕೆರೆಯಂಚಿನಲ್ಲೇ ಸಣ್ಣ ಹೊಂಡದಲ್ಲಿ ಮರಿ ಸಾಕುವ ಕೆಲಸವನ್ನು ಊರಿನ ಮಹಿಳಾ ಸಂಘಗಳಿಗೆ ವಹಿಸಿದರೆ ಅಲ್ಲೊಂದಿಷ್ಟು ದುಡಿಮೆಯೂ ಹುಟ್ಟುತ್ತದೆ. ಎರಡನೆಯ ವರ್ಷ ಕೆಲವೇ ಪರವಾನಿಗೆಗಳು, ಅವೂ ಬರಗಾಲದಲ್ಲಿ ಬಲೆಯನ್ನು ಅಟ್ಟಕ್ಕೇರಿಸಿದ ಮನೆಗಳಿಗೆ. ಮೀನು ಹೆಚ್ಚಿದಂತೆ ಪರವಾನಿಗೆಯೂ ಹೆಚ್ಚಲಿ, ಮಳೆ ಕೈಕೊಟ್ಟ ವರ್ಷ ಎಲ್ಲರ ಪಾಲೂ ಸಮನಾಗಿ ಕುಗ್ಗಲಿ. ಪರವಾನಿಗೆಯನ್ನು ಮಾರುವಂತಿರಬಾರದು, ಇನ್ನೊಬ್ಬನಿಗೆ ಬಾಡಿಗೆ ಕೊಡುವಂತಿರಬಾರದು. ಹಿಡಿಯುವವನ ಹೆಸರೇ ಚೀಟಿಯಲ್ಲಿರಬೇಕು. ಒಂದು ಮಟ್ಟಕ್ಕಿಂತ ಕೆಳಗೆ ನೀರನ್ನು ಬಸಿಯುವಂತಿಲ್ಲವೆಂಬ ಕಲ್ಲೊಂದನ್ನು ಕೆರೆಯ ಒಳಗೇ ನೆಡಬೇಕು, ಊರವರೆಲ್ಲರ ಕಣ್ಣಿಗೆ ಕಾಣುವಂತೆ.

ಗುತ್ತಿಗೆಯೇ ಅನಿವಾರ್ಯವೆಂದಾದರೆ ಅದಕ್ಕೂ ದಾರಿಯಿದೆ. ಗುತ್ತಿಗೆದಾರ ಇಟ್ಟ ಠೇವಣಿಯ ಒಂದು ಭಾಗವನ್ನು ಕೊನೆಯ ವರ್ಷ ಕೆರೆಯಲ್ಲಿ ಬಿಟ್ಟ ಮರಿ ಮತ್ತು ಉಳಿಸಿದ ನೀರಿನ ಆಧಾರದಲ್ಲಿ ಮಾತ್ರ ಮರಳಿಸಬೇಕು. ಹೀಗಾದರೆ ತಳ ಗುಡಿಸುವವನಿಗೆ ಗುಡಿಸುವುದರಲ್ಲಿ ಲಾಭವಿರದು. ಇಲಾಖೆಯವರು ಇದನ್ನು ಅಪ್ರಾಯೋಗಿಕ ಎನ್ನಬಹುದು. ಸಿಬ್ಬಂದಿ ಕೊರತೆಯ ಮಾತೂ ಬರುತ್ತದೆ, ಅದು ಸುಳ್ಳೇನಲ್ಲ. ಆದರೆ ಮರಿ ಬಿಡುವ ದಿನ ಶಾಲೆಯ ಮಕ್ಕಳನ್ನೂ ಊರವರನ್ನೂ ಏರಿಯ ಮೇಲೆ ನಿಲ್ಲಿಸಿ ಎಣಿಸಿದರೆ ಅಧಿಕಾರಿಯ ಸಹಿಗಿಂತ ಗಟ್ಟಿಯಾದ ಸಾಕ್ಷಿ ಸಿಗುತ್ತದೆ.

ನೀರನ್ನು ಪೂರ್ತಿ ಬಸಿಯದೆ ಉಳಿಸಿದರೆ ಏನಾಗುತ್ತದೆಂಬುದಕ್ಕೆ ನಮ್ಮದೇ ಜಿಲ್ಲೆಯ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರವನ್ನು ನೋಡಬಹುದು. ಶತಮಾನಗಳ ಹಿಂದಿನ ಆ ಕೆರೆಯ ವಿಸ್ತಾರ ನೂರು ಹೆಕ್ಟೇರಿಗೆ ತುಸು ಕಡಿಮೆ. ಬಣ್ಣದ ಕೊಕ್ಕರೆಗಳು ಅಲ್ಲಿನ ಜಾಲಿ ಮರಗಳಲ್ಲಿ ಗೂಡು ಕಟ್ಟುತ್ತವೆ. 2024ರ ಜನವರಿಯಲ್ಲಿ ಅದು ಅಂತಾರಾಷ್ಟ್ರೀಯ ಮಹತ್ವದ ರಾಮ್ಸರ್ ತಾಣಗಳ ಪಟ್ಟಿ ಸೇರಿತು. ಆ ಕೆರೆಯಲ್ಲಿ ಗುರುತಿಸಿದ ಮೀನಿನ ಜಾತಿಗಳೇ 41. ಕೊಕ್ಕರೆ ಮರಿಗೆ ಉಣಿಸುವುದು ಟೆಂಡರಿನಲ್ಲಿ ಕೂಗುವ ಕಾಟ್ಲಾವನ್ನಲ್ಲ, ಬೆಲೆಯಿಲ್ಲದ ಸಣ್ಣ ಮೀನನ್ನು. ಯಾವ ಗುತ್ತಿಗೆದಾರನ ಪುಸ್ತಕದಲ್ಲೂ ಜಾಗವಿಲ್ಲದ ಆ ಸಣ್ಣ ಮೀನೇ ಬಡವನ ಮನೆಯ ಸಾರಿಗೂ ಬೀಳುವುದು.

ಇದನ್ನೆಲ್ಲಾ ಪಟ್ಟಣದ ಮುಸ್ಲಿಮ್ ಕುಟುಂಬಗಳು ಓದುವ ಪತ್ರಿಕೆಯಲ್ಲಿ ಏಕೆ ಬರೆಯಬೇಕು? ನಮ್ಮಲ್ಲಿ ಬಲೆ ಹಿಡಿಯುವವರಿಗಿಂತ ಕೊಳ್ಳುವವರೂ ಮಾರುವವರೂ ಹೆಚ್ಚು. ಹೊಸಪೇಟೆ, ಕೊಟ್ಟೂರು, ಹರಪನಹಳ್ಳಿಯ ಮಾರುಕಟ್ಟೆಗಳಲ್ಲಿ ತಕ್ಕಡಿ ಹಿಡಿದವರಲ್ಲಿ ನಮ್ಮವರೂ ಇದ್ದಾರೆ. ಮೀನು ಕೊಳ್ಳುವಾಗ ಕಿವಿರು ಕೆಂಪಿದೆಯೇ ಎಂದು ನೋಡುತ್ತೇವೆ. ಮುಂಗಾರಿನ ಮೊದಲ ವಾರಗಳಲ್ಲಿ ಹೊಟ್ಟೆ ಉಬ್ಬಿದ ಮೊಟ್ಟೆ ಮೀನನ್ನು ಹೆಚ್ಚು ಹಣ ಕೊಟ್ಟು ಕೇಳಿ ಪಡೆಯುತ್ತೇವೆ. ಹೊಸ ನೀರಿಗೆ ಎದುರೇರಿ ಮೊಟ್ಟೆಯಿಡಲು ಹೊರಟ ಮೀನು ಅದು. ಒಂದು ಹದವಾದ ರೋಹುವಿನ ಹೊಟ್ಟೆಯಲ್ಲಿ ಲಕ್ಷಗಟ್ಟಲೆ ಮೊಟ್ಟೆಗಳಿರುತ್ತವೆ. ನಮ್ಮ ನಾಲಗೆಯ ಬೇಡಿಕೆ ಇರುವ ತನಕ ಆ ದಿನಗಳಲ್ಲಿ ಬಲೆ ಇಳಿಸುವವನನ್ನು ಮಾತ್ರ ಗದರಿಸಿ ಪ್ರಯೋಜನವಿಲ್ಲ. ನನ್ನ ತಾಯಿ ಕೂಡ ಮೊಟ್ಟೆಯ ಪಲ್ಯ ಬಲು ರುಚಿಯಾಗಿ ಮಾಡುತ್ತಾರೆ. ಈ ಸಾಲನ್ನು ಅವರಿಗೆ ಓದಿ ಹೇಳಿದಾಗ, "ಹಾಗಾದರೆ ಆಗಸ್ಟಿನ ನಂತರ ತಾ" ಎಂದಷ್ಟೇ ಹೇಳಿ ಒಳಗೆ ಹೋದರು.

ವ್ಯಾಪಾರದಲ್ಲಿರುವ ಸಹೋದರರಿಗೆ ಹೇಳಬೇಕಾದ ಮಾತು ತುಸು ಕಠಿಣ. ಸಂಘದ ಮೊಹರನ್ನು ಬಾಡಿಗೆ ಪಡೆದು ಕೆರೆ ಹಿಡಿಯುವುದರಲ್ಲಿ ಲಾಭವಿದೆಯೆಂಬುದು ನಿಜ. ಆದರೆ ಆ ಲಾಭ ಯಾರ ತಟ್ಟೆಯಿಂದ ಬಂತೆಂಬುದನ್ನು ಅವರೇ ಬಲ್ಲರು. ನೇರವಾಗಿ ಮೀನುಗಾರರ ಸಂಘದೊಂದಿಗೆ ನ್ಯಾಯವಾದ ಬೆಲೆಗೆ ಖರೀದಿಯ ಒಪ್ಪಂದ ಮಾಡಿಕೊಳ್ಳಲು, ಮಂಜುಗಡ್ಡೆ ಮತ್ತು ವಾಹನದ ಖರ್ಚನ್ನು ತಾವು ಹೊರಲು ಅವರಿಗೆ ಯಾವ ಅಡ್ಡಿಯೂ ಇಲ್ಲ. ಹಿಡಿಯುವ ಹಕ್ಕು ಬಲೆಗಾರನದ್ದು, ಮಾರುವ ಲಾಭ ವ್ಯಾಪಾರಿಯದ್ದು ಎಂದಾದರೆ ಇಬ್ಬರ ನಡುವೆ ಇಂದು ಕಾಣುವ ಅನುಮಾನವೂ ಕಡಿಮೆಯಾದೀತು. ಮಾರುಕಟ್ಟೆಯ ಸಣ್ಣ ಜಗಳವೂ ಕೋಮು ಬಣ್ಣ ಪಡೆಯುವ ಈ ದಿನಗಳಲ್ಲಿ ಗಂಗಾಮತಸ್ಥನ ಬಲೆಗೂ ನಮ್ಮವನ ತಕ್ಕಡಿಗೂ ನಡುವಿನ ಲೆಕ್ಕ ಚೊಕ್ಕವಾಗಿರುವುದು ಯಾವ ಸೌಹಾರ್ದ ಸಭೆಗಿಂತಲೂ ಹೆಚ್ಚು ಕೆಲಸ ಮಾಡುತ್ತದೆ.

ಅಂದು ಸಂಜೆ ಕತ್ತಲಾಗುವ ಮುನ್ನ ಆ ಹುಡುಗರು ಬಲೆ ಸುತ್ತಿ ದಡಕ್ಕೆ ಬಂದರು. ಬುಟ್ಟಿಯಲ್ಲಿ ಒಂದಷ್ಟು ಜಿಲೇಬಿ ಮೀನು, ಅಂಗೈಯಗಲದ ಎರಡು ಕಾಟ್ಲಾ ಮರಿಗಳು. ಹಿರಿಯರು ಎದ್ದು ಹೋಗಿ ಕಾಟ್ಲಾ ಮರಿಗಳನ್ನು ಎತ್ತಿ ಮತ್ತೆ ನೀರಿಗೆ ಬಿಟ್ಟರು. ಹುಡುಗರು ಮುಖ ಸಿಂಡರಿಸಿದರು. "ಯಾರಿಗೆ ಬಿಡ್ತೀ ತಾತಾ, ಹರಾಜು ಹಿಡಿಯುವವನಿಗಾ?" ಎಂದು ಒಬ್ಬ ಕೇಳಿದ. ಅವರು ಉತ್ತರ ಕೊಡಲಿಲ್ಲ. ಆ ಕೆರೆಯ ಹರಾಜಿನ ತಾರೀಖು ಇನ್ನೂ ನಿಗದಿಯಾಗಿಲ್ಲವೆಂದು ಬರುವಾಗ ನನ್ನ ಮಿತ್ರರು ಹೇಳಿದರು.